ಒಂದೇ ಗಳದ ಎರಡು ಜೋಲಿ

ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿದವನನ್ನು ಸ್ವಂತ ಮನೆಯಲ್ಲಿ ಬಲ್ಬು ಬದಲಿಸಲಿಕ್ಕೂ ನಂಬುವುದಿಲ್ಲ. ನಾನು ಕೈ ಹಚ್ಚಿದರೆ ಇಡೀ ಮನೆಯ ಕರೆಂಟೇ ಹೋಗುತ್ತದೆಂದು ಹೆಂಡತಿಯ ವಾದ. ಎರಡು ಸಲ ಹೋಗಿದ್ದು ನಿಜ. ಹೀಗಾಗಿ ಮಗಳು ಅವಳಿ ಹೆಣ್ಣುಮಕ್ಕಳನ್ನು ಹೆತ್ತು ಬಾಣಂತನಕ್ಕೆ ಹಳಿಯಾಳದ ನಮ್ಮ ಮನೆಗೆ ಬಂದಾಗ ನನ್ನ ವಿದ್ಯೆ ಬೇಕಾದೀತೆಂದು ಯಾರೂ ಎಣಿಸಿರಲಿಲ್ಲ, ನಾನೂ ಸೇರಿ.

ಅವಳಿಗಳನ್ನು ಬೇರೆ ಬೇರೆ ತೂಗಬಾರದೆಂಬುದು ಬೀಗರ ಮನೆಯ ಪದ್ಧತಿ. ಜಂತಿಯಿಂದ ಎರಡು ಹಗ್ಗ ಇಳಿಬಿಟ್ಟು, ಅವಕ್ಕೊಂದು ಬಿದಿರ ಗಳ ಕಟ್ಟಿ, ಹಳೇ ಸೀರೆಯ ಎರಡು ಜೋಲಿ ಹಾಕಿದೆವು. ಅಲ್ಲಿಂದ ಶುರುವಾಯಿತು ಫಜೀತಿ. ದೊಡ್ಡವಳನ್ನು ತೂಗಿ ಕೈಬಿಟ್ಟರೆ ಸ್ವಲ್ಪ ಹೊತ್ತಿಗೆ ಅವಳ ಜೋಲಿ ನಿಂತು, ಯಾರೂ ಮುಟ್ಟದ ಚಿಕ್ಕವಳ ಜೋಲಿ ತೂಗತೊಡಗುತ್ತಿತ್ತು. ಆಮೇಲೆ ಇದು ನಿಂತು ಅದು. ನಿಂತ ಜೋಲಿಯವಳು ಎದ್ದು ಅಳುವಳು, ಅವಳ ಅಳುವಿಗೆ ಇನ್ನೊಬ್ಬಳು. ವಾರದಿಂದ ಮಗಳು ಕಣ್ಣು ಮುಚ್ಚಿರಲಿಲ್ಲ. ಪಾಳಾದಿಂದ ಮೊಮ್ಮಕ್ಕಳನ್ನು ನೋಡಲು ಬಂದ ಅವಳ ಅತ್ತೆ, ನಮ್ಮ ಬೀಗತಿ, ಇದನ್ನು ಕಂಡು ಬಾಯಿಯ ಮೇಲೆ ಕೈಯಿಟ್ಟರು.

"ಮುಟ್ಟಲಾರದ ತೂಗತೈತಿ ಅಂದ್ರ ಇಲ್ಲೆ ಏನರ ಐತ್ರಿ. ಈ ಮನಿ ಕೂಸುಗೋಳಿಗೆ ಹೊಂದೂದಿಲ್ಲ. ನಾಳೆ ಮುಂಜಾನೆ ಕರಕೊಂಡು ಹೋಗ್ತೇವಿ."

ಮಗಳು ಬಂದು ತಿಂಗಳೂ ತುಂಬಿರಲಿಲ್ಲ. ನಾನು ಮತ್ತೊಮ್ಮೆ ಜೋಲಿಗಳತ್ತ ನೋಡಿದೆ. ಆಗಲೇ ಹೊಳೆಯಿತು: ಇದು ನಾನು ವರ್ಷ ವರ್ಷವೂ "ಪರೀಕ್ಷೆಗೆ ಬರುವುದಿಲ್ಲ" ಎಂದು ಹಾರಿಸಿದ ಲೋಲಕದ ಪಾಠ! ಬಟ್ಟೆ ಒಣಹಾಕುವ ಹಗ್ಗಕ್ಕೆ ಒಂದೇ ಉದ್ದದ ದಾರದಿಂದ ಎರಡು ತಂಬಿಗೆ ಇಳಿಬಿಟ್ಟು ಒಂದನ್ನು ದೂಡಿದೆ. ಅದು ನಿಂತಿತು, ಇನ್ನೊಂದು ತೂಗಿತು.

"ತಂಬಗಿಯೊಳಗೂ ಏನರ ಹೊಕ್ಕೈತೇನ್ರಿ?" ಎಂದೆ. "ಒಂದರ ತೂಗು ಹಗ್ಗದಗುಂಟ ಇನ್ನೊಂದಕ್ಕ ಹೋಗತೈತಿ. ಎರಡರ ಉದ್ದನೂ ಒಂದ ಇದ್ರ ತಾಳ ಕೂಡತೈತಿ, ಪೂರಾ ಹೋಗಿ ಪೂರಾ ತಿರುಗಿ ಬರತೈತಿ."

ಬೀಗತಿ ತಂಬಿಗೆಯೊಳಗೆ ಇಣುಕಿ ನೋಡಿಯೇ ಬಿಟ್ಟರು. "ಹಂಗಾರ ಬ್ಯಾರೆ ಬ್ಯಾರೆ ಕಟ್ಟಬೇಕೇನು? ಅದು ಆಗೂದಿಲ್ಲ ಮತ್ತ."

"ಗಳ ಒಂದ ಇರಲಿ. ಒಂದು ಜೋಲಿ ಮೊಳದಷ್ಟು ಗಿಡ್ಡ ಮಾಡೂಣು, ತಾಳ ತಪ್ಪತೈತಿ."

ಮಾಡಿದೆ. ದೊಡ್ಡವಳನ್ನು ತೂಗಿದರೆ ಚಿಕ್ಕವಳ ಜೋಲಿ ಚೂರು ಅಲುಗಿ ಸುಮ್ಮನಾಯಿತು; ಇಬ್ಬರನ್ನೂ ತೂಗಿದರೆ ಎರಡೂ ನಡುವೆ ನಿಲ್ಲದೆ ತೂಗಿದವು. ನನಗೋ ಸ್ವರ್ಗ ಮೂರೇ ಗೇಣು! "ಐದು ತಿಂಗಳ ಇಟ್ಟುಕೊಂಡ ಕಳಸ್ರಿ" ಎಂದರು ಬೀಗತಿ. ಸಂಭ್ರಮ ತಡೆಯಲಾರದೆ ಜೋಲಿಗಳ ನಡುವೆ ನಿಂತು ಇಡೀ ಅಧ್ಯಾಯವನ್ನು ಸೂತ್ರ ಸಮೇತ ಹೇಳತೊಡಗಿದೆ. ಹತ್ತು ನಿಮಿಷದಲ್ಲಿ ಮೊಮ್ಮಕ್ಕಳಿಬ್ಬರೂ, ಮಗಳೂ, ಗೋಡೆಗೊರಗಿದ್ದ ಬೀಗತಿಯೂ ನಿದ್ದೆಹೋದರು. ನಾನು ಬಾಯಿ ಮುಚ್ಚುವಷ್ಟರಲ್ಲಿ ಹೆಂಡತಿ ಚಹಾ ತಂದು ಪಿಸುಗುಟ್ಟಿದಳು: "ನಿಲ್ಲಸಬ್ಯಾಡ್ರಿ, ಹಂಗ ಹೇಳಕೋತ ಇರ್ರಿ."

ನನ್ನ ಪಾಠಕ್ಕೆ ನಿದ್ದೆಹೋದವರು ತಾಲೂಕಿನ ತುಂಬ ಇದ್ದಾರೆ. ಅದಕ್ಕಾಗಿ ಚಹಾ ಸಿಕ್ಕಿದ್ದು ಇದೇ ಮೊದಲು.