ಸೂರ್ಯನ ಸಾಹೇಬರೂ ನಾಲ್ಕನೇ ಮಹಡಿಯ ತಣ್ಣೀರೂ

ಮನುಷ್ಯ ಯಾವ ಉದ್ಯೋಗವನ್ನಾದರೂ ಮಾಡಲಿ, ಅದು ಮದುವೆ ಮನೆಯ ಪಂಕ್ತಿಯಲ್ಲಿ ಪಕ್ಕದವರಿಗೆ ಒಂದೇ ಮಾತಿನಲ್ಲಿ ಹೇಳಲು ಬರುವಂತಿರಬೇಕು. ಡಾಕ್ಟರು ಎಂದರೆ ಪಕ್ಕದವರು ಮಂಡಿನೋವು ಹೇಳಿಕೊಳ್ಳುತ್ತಾರೆ, ವಕೀಲರು ಎಂದರೆ ಅಣ್ಣತಮ್ಮಂದಿರ ಜಗಳ ತೆಗೆಯುತ್ತಾರೆ. ನಾನು ಸೌರ ಭೌತವಿಜ್ಞಾನಿ. ಹಾಗೆಂದ ತಕ್ಷಣ ಪಕ್ಕದವರು ಹೋಳಿಗೆ ಬಿಟ್ಟು ಕೇಳುತ್ತಾರೆ: "ಹೌದಾ ಸಾರ್? ಎರಡು ಬೆಡ್‌ರೂಮಿನ ಮನೆಗೆ ಎಷ್ಟು ಲೀಟರಿನ ಸೋಲಾರ್ ಹಾಕಿಸ್ಬೇಕು?" ನನ್ನ ಮಾವನವರಂತೂ ಹಾವೇರಿಯಲ್ಲಿ ಕಂಡಕಂಡವರಿಗೆ, "ನಮ್ಮ ಅಳಿಯಂದ್ರು ಸೋಲಾರ್ ಲೈನ್‌ನ್ಯಾಗ ಅದಾರ್ರಿ" ಎಂದು ಹೆಮ್ಮೆಯಿಂದ ಹೇಳಿಕೊಂಡಿದ್ದಾರೆ. ತಿದ್ದಲು ಹೋದರೆ ನೊಂದುಕೊಳ್ಳುತ್ತಾರೆಂದು ನಾನು ಆ ಲೈನಿನಲ್ಲೇ ಉಳಿದಿದ್ದೇನೆ.

ನನ್ನ ನಿಜವಾದ ಕೆಲಸ ಇಷ್ಟು: ಒಲೆಯಿಂದ ದೂರ ಹೋದಷ್ಟೂ ತಣ್ಣಗಾಗುವುದು ಲೋಕದ ನಿಯಮ. ಸೂರ್ಯ ಮಾತ್ರ ಅದನ್ನು ಪಾಲಿಸುವುದಿಲ್ಲ. ಅವನ ಮೈಗಿಂತ, ಮೈಯಿಂದ ಎಷ್ಟೋ ದೂರ ಹಬ್ಬಿರುವ ಹೊರಗಿನ ಪ್ರಭೆಯೇ ನೂರಾರು ಪಟ್ಟು ಬಿಸಿ. ಯಾಕೆ ಹೀಗೆ ಎಂದು ಹುಡುಕುವುದರಲ್ಲಿ ನನ್ನ ತಲೆಗೂದಲು ಹೋಯಿತು. ಇದನ್ನೆಲ್ಲ ನಾನು ಮಾಡುವುದು ಕಂಪ್ಯೂಟರಿನ ಮುಂದೆ, ಪರದೆ ಎಳೆದ ಏಸಿ ಕೋಣೆಯಲ್ಲಿ. ಹೋದ ವರ್ಷ ರಕ್ತಪರೀಕ್ಷೆ ಮಾಡಿಸಿದಾಗ ಡಾಕ್ಟರು, "ವಿಟಮಿನ್ ಡಿ ಇಲ್ವೇ ಇಲ್ಲ ಸಾರ್, ಸ್ವಲ್ಪ ಬಿಸಿಲಿಗೆ ಓಡಾಡಿ. ಏನ್ ಕೆಲಸ ನಿಮ್ದು?" ಎಂದರು. "ಆಫೀಸ್ ಕೆಲಸ" ಎಂದುಬಿಟ್ಟೆ.

ಮಹದೇವಪುರದ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಈ ಸುಳ್ಳು ನಡೆಯುವುದಿಲ್ಲ. ಅಲ್ಲಿನ ಸಂಘದ ಕಾರ್ಯದರ್ಶಿ ನಂಜುಂಡಪ್ಪನವರು ಸರ್ಕಾರಿ ಕಾರ್ಖಾನೆಯೊಂದರಲ್ಲಿ ಫೋರ್‌ಮನ್ ಆಗಿ ನಿವೃತ್ತರಾದವರು. ಮನುಷ್ಯರನ್ನು ಕಂಡರೆ ಕೆಲಸ ಹಂಚದೆ ಬಿಡರು. ಶಿವರಾತ್ರಿ ಕಳೆದು ಬಿಸಿಲು ಏರುತ್ತಿದ್ದಂತೆ, ನಾಲ್ಕನೇ ಮಹಡಿಯ ನಮ್ಮ ಮನೆಗೂ ಎದುರು ಮನೆಗೂ ಸೋಲಾರಿನ ಬಿಸಿನೀರು ನಿಂತುಹೋಯಿತು. ಬಿಸಿಲು ಹೆಚ್ಚಿದಷ್ಟೂ ನೀರು ತಣ್ಣಗೆ! ಸಂಜೆ ಬಂದ ಪ್ಲಂಬರ್ ಮೇಲೆ ಹೋಗಿ ನೋಡಿ, ಎಲ್ಲ ಸರಿಯಾಗಿದೆ ಎಂದು ಹೇಳಿ ಹೋದ. ಸಂಘದ ಸಭೆಯಲ್ಲಿ ನಂಜುಂಡಪ್ಪನವರು ನನ್ನತ್ತ ಕೈ ತೋರಿಸಿದರು.

"ಬಿಲ್ಡಿಂಗ್‌ನಲ್ಲೇ ಸೂರ್ಯನ್ ಡಾಕ್ಟ್ರು ಇರೋವಾಗ ಹೊರಗಡೆಯೋರು ಯಾಕ್ರೀ ಬೇಕು?"

"ಸಾರ್, ನಾನು ಸ್ಟಡಿ ಮಾಡೋದು ಸೂರ್ಯನ್ನ. ಹೀಟರ್ ಅಲ್ಲ."

"ಅಲ್ಲಿಂದ ಬರೋದು ಇಲ್ಲಿಗೇ ತಾನೆ ಸಾರ್?"

ಎಲ್ಲರೂ ಚಪ್ಪಾಳೆ ತಟ್ಟಿದರು. ನನ್ನ ಹೆಂಡತಿ ಶೈಲಾ ಎಲ್ಲರಿಗಿಂತ ಜೋರಾಗಿ ತಟ್ಟಿದಳು.

ಸುಮ್ಮನಿದ್ದುಬಿಡಬಹುದಿತ್ತು. ಆದರೆ ಎದುರು ಮನೆಯ ಗಿರಿಜವ್ವನವರು ಬಿಡಲಿಲ್ಲ. ಗದಗದ ಕಡೆಯ ವಯಸ್ಸಾದ ತಾಯಿ, ಮಗ ಸೊಸೆಯ ಜೊತೆ ಇರುವವರು. ಬೆಳಗಾಗುವ ಮೊದಲೇ ಸ್ನಾನ, ಆಮೇಲೆ ಇಷ್ಟಲಿಂಗ ಪೂಜೆ, ಅದಾಗುವವರೆಗೆ ಚಹಾ ಕೂಡ ಇಲ್ಲ. ಗೀಸರ್ ಹಾಕಿಕೊಳ್ಳಿ ಎಂದರೆ, "ಅದನ್ನ ಹಚ್ಚಾಕ ಅಂಜಿಕಿ ಬರ್ತೈತ್ರಿ, ಕರೆಂಟ್ ಹೊಡದ್ರ?" ಎನ್ನುತ್ತಿದ್ದರು. ದಿನವೂ ತಣ್ಣೀರು ಸುರಿದುಕೊಂಡು ಕೆಮ್ಮು ಹಿಡಿಸಿಕೊಂಡರು. ನಾನು ಲಿಫ್ಟಿಗೆ ನಿಂತಾಗಲೆಲ್ಲ ಬಾಗಿಲು ತೆರೆದು, "ಸೂರ್ಯಾನ ಸಾಹೇಬ್ರ, ನೀರು ಇವತ್ತೂ ತಣ್ಣಗ ಅದಾವ್ರಿ. ಇರ್ಲಿ ಬಿಡ್ರಿ, ನಿಮಗೂ ಕೆಲಸ ಇರ್ತಾವ" ಎಂದು ಕೆಮ್ಮುತ್ತಿದ್ದರು. ಬೈದಿದ್ದರೆ ತಡೆದುಕೊಳ್ಳಬಹುದಿತ್ತು.

ಹೀಗೆ ಹದಿನೈದು ದಿನವಾದ ಮೇಲೆ ನನ್ನ ಯೋಜನೆಯ ಪರಿಶೀಲನೆ. ಹಿರಿಯ ವಿಜ್ಞಾನಿಗಳ ಸಮಿತಿ ಆನ್‌ಲೈನಿನಲ್ಲಿ ಕೂತು, ಇನ್ನೆರಡು ವರ್ಷ ಮುಂದುವರಿಸಬೇಕೋ, ಮುಚ್ಚಬೇಕೋ ಎಂದು ತೀರ್ಮಾನಿಸುವ ದಿನ. ಮುಚ್ಚಿದರೆ ನನ್ನ ಜೊತೆಗಿರುವ ಇಬ್ಬರು ಸಂಶೋಧನಾ ವಿದ್ಯಾರ್ಥಿನಿಯರೂ ಬೀದಿಗೆ. ರಿಂಗ್ ರೋಡಿನ ಟ್ರಾಫಿಕ್ ನಂಬಲಾರದೆ ಮನೆಯಲ್ಲೇ ಕೂತೆ. ಸಮಯವಿತ್ತು. ಎದುರು ಮನೆಯಿಂದ ಕೆಮ್ಮು ಕೇಳಿಸುತ್ತಲೇ ಇತ್ತು. ಐದು ನಿಮಿಷ ನೋಡಿಬರೋಣವೆಂದು ಬನಿಯನ್, ಪಂಚೆಯಲ್ಲೇ, ಹೆಗಲಿಗೊಂದು ಟವೆಲು ಹಾಕಿ, ಫೋನು ಹಿಡಿದು ಟೆರೇಸಿಗೆ ಹತ್ತಿದೆ.

ಅಲ್ಲಿ ನಮ್ಮ ಸೋಲಾರಿನ ಗಾಜಿನ ಮೇಲೆ, ನಾಲ್ಕೂ ಮೂಲೆಗೆ ದಾರ ಬಿಗಿದು, ಬಿಳಿಯ ಸೀರೆಯೊಂದನ್ನು ಹೊದಿಸಿದ್ದರು. ಸೀರೆಯ ತುಂಬ ಅಕ್ಕಿ ಸಂಡಿಗೆ. ಎಷ್ಟು ಲಕ್ಷಣವಾಗಿ ಇಟ್ಟಿದ್ದರೆಂದರೆ ಕೋಪ ಬರಲು ಸ್ವಲ್ಪ ಹೊತ್ತು ಹಿಡಿಯಿತು. ಇದಕ್ಕಾಗಿ ನಾನು ಹದಿನೈದು ದಿನ ಲ್ಯಾಪ್‌ಟಾಪಿನಲ್ಲಿ ನೀರಿನ ಉಷ್ಣತೆಯ ನಕ್ಷೆ ಬರೆದಿದ್ದೆ! ಒಂದು ಸಲವೂ ಮೆಟ್ಟಿಲು ಹತ್ತಿರಲಿಲ್ಲ. ಹಲ್ಲು ಕಡಿಯುತ್ತ ತಿರುಗುವಷ್ಟರಲ್ಲಿ ಗಾಳಿಗೆ ಬಾಗಿಲು ದಡಾರನೆ ಮುಚ್ಚಿ, ಆಚೆಗಿನ ಚಿಲಕ ಬಿತ್ತು.

ಶೈಲಾ ಎಲೆಕ್ಟ್ರಾನಿಕ್ ಸಿಟಿಯಲ್ಲಿ, ಮೀಟಿಂಗಿನಲ್ಲಿ. ನಂಜುಂಡಪ್ಪನವರು ಫೋನ್ ಎತ್ತಲಿಲ್ಲ. ಬಾಗಿಲು ಬಡಿದೆ, ಕೂಗಿದೆ, ಯಾರೂ ಬರಲಿಲ್ಲ. ಪರಿಶೀಲನೆಯ ಹೊತ್ತಾಗಿಯೇ ಹೋಯಿತು. ಕ್ಯಾಮೆರಾ ಆರಿಸಿ ಫೋನಿನಲ್ಲೇ ಸೇರಿಕೊಂಡೆ. ಬಿಸಿಲಿನ ಪ್ರಖರ ಬೆಳಕಿಗೆ ಪರದೆಯ ಮೇಲೆ ಏನೂ ಕಾಣಿಸದು. ಜೀವಮಾನವಿಡೀ ಸೂರ್ಯನ ಪರವಾಗಿ ವಾದಿಸಿದವನಿಗೆ ಅವನು ಮಾಡಿದ ಉಪಕಾರ ಇದು. ನೀರಿನ ಟ್ಯಾಂಕಿನ ನೆರಳಿನಲ್ಲಿ ಕುಕ್ಕರಗಾಲಲ್ಲಿ ಕೂತು, ತಲೆಗೆ ಟವೆಲು ಹೊದ್ದು, ನೆನಪಿನಿಂದಲೇ ಮಾತಾಡಿದೆ. ಅಧ್ಯಕ್ಷರು ಗಡಸು ಮನುಷ್ಯ.

"ಕ್ಯಾಮೆರಾ ಯಾಕೆ ಆಫ್? ಎಲ್ಲಿದ್ದೀರಿ ನೀವು?"

"ಫೀಲ್ಡ್‌ನಲ್ಲಿದ್ದೀನಿ ಸಾರ್."

"ಸೂರ್ಯನ ಕೆಲಸಕ್ಕೆ ಯಾವ ಫೀಲ್ಡ್ ರೀ?"

ಅಷ್ಟರಲ್ಲಿ ಬಾಗಿಲ ಚಿಲಕ ಸರಿಯಿತು. ಪಾತ್ರೆಯ ತುಂಬ ಸಂಡಿಗೆ ಹಿಟ್ಟು ಹಿಡಿದ ಗಿರಿಜವ್ವ ನನ್ನನ್ನು ಕಂಡು ಸಂತೋಷದಿಂದ ಕೂಗಿದರು: "ಅಯ್ಯ ಸಾಹೇಬ್ರ! ಕಾಗಿ ಕಾಯಾಕ ಕುಂತೀರೇನ್ರಿ?"

 ಸಮಿತಿಯಲ್ಲಿ ಯಾರೋ ನಕ್ಕರು. ಇನ್ನು ಮುಚ್ಚಿಡುವುದಕ್ಕೇನೂ ಉಳಿದಿರಲಿಲ್ಲ. ಬಾಗಿಲು, ಚಿಲಕ, ತಣ್ಣೀರು, ಎಲ್ಲವನ್ನೂ ಹೇಳಿಬಿಟ್ಟೆ. ನಂತರ ಅವರು ಕೇಳಿದ ಪ್ರಶ್ನೆಗಳಿಗೆ, ಕಳೆದುಕೊಳ್ಳಲು ಏನೂ ಇಲ್ಲದವನ ಧೈರ್ಯದಿಂದ ಉತ್ತರಿಸಿದೆ. ಅಷ್ಟು ನೇರವಾಗಿ ನನ್ನ ಕೆಲಸದ ಬಗ್ಗೆ ಎಂದೂ ಮಾತಾಡಿರಲಿಲ್ಲ.

ಕರೆ ಮುಗಿದ ಮೇಲೆ ಗಿರಿಜವ್ವನತ್ತ ತಿರುಗಿದೆ. "ಅವ್ವಾ, ಈ ಗಾಜು ಕಾದ್ರೇನೇ ನೀರು ಕಾಯೋದು. ನೀವು ಇದಕ್ಕೆ ಸೀರೆ ಹೊದಿಸ್ಬಿಟ್ರೆ ಹೇಗೆ?"

ಅವರು ಕೆನ್ನೆಗೆ ಕೈ ಹಚ್ಚಿದರು. "ಅಂದ್ರ ನನ್ನ ನೀರು ನಾನಾ ತಣ್ಣಗ ಮಾಡ್ಕೊಂಡೆ ಏನ್ರಿ? ಸಂಜೀಗೆ ತಗೀತಿದ್ದೆ, ಯಾರಿಗೂ ತ್ರಾಸ ಆಗಂಗಿಲ್ಲ ಅಂತ." ನಕ್ಕರು, ನಗುತ್ತ ಕೆಮ್ಮಿದರು, ಕೆಮ್ಮುತ್ತ ನನ್ನ ಕೈ ಹಿಡಿದರು. "ಸೊಸಿಗೆ ಹೇಳಬ್ಯಾಡ್ರಿ. ಮನ್ಯಾಗ ಕುಂಡ್ರು ಅಂದ್ರ ನಾ ಸತ್ತ ಹೋಗ್ತೀನಿ. ಈ ಊರಾಗ ನನಗ ಇರೋ ಕೆಲಸ ಇದೊಂದ."

ಹೇಗೆ ಹೇಳಲಿ? ಇಬ್ಬರೂ ಸೇರಿ ಸಂಡಿಗೆಯನ್ನು ಟೆರೇಸಿನ ಇನ್ನೊಂದು ಮೂಲೆಗೆ ಸಾಗಿಸಿದೆವು. ಮರುದಿನ ನೀರು ಹೊಗೆಯಾಡಿತು. ಏನಾಗಿತ್ತು ಎಂದು ಕೇಳಿದ ನಂಜುಂಡಪ್ಪನವರಿಗೆ, "ಸ್ವಲ್ಪ ಟೆಕ್ನಿಕಲ್ ಸಮಸ್ಯೆ" ಎಂದೆ. ಆ ಒಂದು ಮಾತಿನಿಂದ ಕೆಟ್ಟೆ. ಸಂಘದವರು ಶಾಲು ಹೊದಿಸಿದರು; ಪಕ್ಕದ ಅಪಾರ್ಟ್‌ಮೆಂಟಿನವರು ಈಗ ಭಾನುವಾರ ಬಾಗಿಲು ತಟ್ಟುತ್ತಾರೆ.

ಕೆಲವು ದಿನಗಳ ನಂತರ ಸಮಿತಿಯ ಅಧ್ಯಕ್ಷರೇ ಫೋನ್ ಮಾಡಿದರು. ಯೋಜನೆ ಮುಂದುವರಿಯಿತು. ಸಂತೋಷದಿಂದ ಎರಡೆರಡು ಸಲ ಥ್ಯಾಂಕ್ಸ್ ಹೇಳಿದೆ. ಅವರು ದನಿ ತಗ್ಗಿಸಿ, "ಇನ್ನೊಂದು ವಿಷಯ. ನಮ್ಮನೇಲೂ ಸೋಲಾರ್ ನೀರು ಸರಿಯಾಗಿ ಬರ್ತಿಲ್ಲ ಕಣ್ರೀ..." ಎಂದರು.

ಸಂಘದ ಸಭೆಯಲ್ಲಿ ಹೇಳಿದ್ದ ಉತ್ತರವೇ ನಾಲಿಗೆಯ ತುದಿಯಲ್ಲಿತ್ತು: ನಾನು ಅಧ್ಯಯನ ಮಾಡುವುದು ಸೂರ್ಯನನ್ನು, ಹೀಟರನ್ನಲ್ಲ. ಬಾಯಿ ತೆರೆದೆ. ಆದರೆ ಬಂದ ಮಾತೇ ಬೇರೆ.

"ಸಾರ್, ನಿಮ್ಮನೇಲಿ ಯಾರಾದ್ರೂ ಸಂಡಿಗೆ ಹಾಕ್ತಾರಾ?"