ಡಿಪ್‌ಸ್ಟಿಕ್ ಮೇಲೊಂದು ಕಣ್ಣು

ಹಳೇ ಕಾರು ಇಟ್ಟುಕೊಂಡವರ ಮನೆಯಲ್ಲಿ ನಗುವಿಗೆ ಬರವಿಲ್ಲ. ನಗುವವರು ಮಾತ್ರ ಯಾವಾಗಲೂ ಬೇರೆಯವರು.

ನಮ್ಮ ಕಾರಿಗೆ ಹದಿನೇಳು ವರ್ಷ. ನಾನು ವಿಮಾ ಕಚೇರಿಯಲ್ಲಿ ಗುಮಾಸ್ತಳಾಗಿದ್ದಾಗ ನನ್ನ ಸಂಬಳದಲ್ಲೇ ಕೊಂಡದ್ದು. ಬಣ್ಣ ಮಾಸಿದೆ. ಪೆಟ್ರೋಲಿನ ಮುಳ್ಳು ಎಂದೋ ಸತ್ತಿದೆ. ಎಷ್ಟು ಓಡಿತು, ಇನ್ನೆಷ್ಟು ಪೆಟ್ರೋಲ್ ಉಳಿಯಿತು ಎಂಬ ಲೆಕ್ಕವೆಲ್ಲ ನನ್ನ ತಲೆಯಲ್ಲೇ. ಆದರೆ ಚೆಂಬೂರಿನಿಂದ ಪವಾಯಿಯ ತಂಗಿಯ ಮನೆಗೆ ಯಾರ ಹಂಗೂ ಇಲ್ಲದೆ ನನ್ನನ್ನು ಮುಟ್ಟಿಸುವುದು ಅದೊಂದೇ. ಮೊಣಕಾಲು ಹೋದ ಮೇಲೆ ಸ್ಟೇಷನ್ನಿನ ಬ್ರಿಜ್ ಹತ್ತುವುದು ನನ್ನಿಂದಾಗದು. ಕಾರು ಹೋಯಿತೆಂದರೆ ನಾನು ಬಾಲ್ಕನಿಯಲ್ಲಿ ಕೂತು ಒಣಹಾಕಿದ ಬಟ್ಟೆ ಕಾಯುವವಳೇ.

ನನ್ನ ಗಂಡ ಬೆಳಗಾವಿಯವರು. ಇಡೀ ನೌಕರಿಯನ್ನು ರಿಫೈನರಿಯ ಅಕೌಂಟ್ಸ್ ವಿಭಾಗದಲ್ಲಿ ಕಳೆದರೂ, ಅವರ ಮಾತು ಕೇಳಿದರೆ ಮುಂಬೈಯ ಎಣ್ಣೆಯನ್ನೆಲ್ಲ ಇವರೇ ಕಾಯಿಸಿ ಸೋಸಿದ್ದಾರೇನೋ ಅನ್ನಿಸುತ್ತದೆ. ಒಂದು ದಿನ ಅವರು ಷರತ್ತು ಹಾಕಿದರು. "ಈ ಗಾಡಿ ಇನ್ನೊಮ್ಮೆ ರಸ್ತೇದಾಗ ನಿಂತ್ರ ಮರುದಿನಾನ ಗುಜರಿಗೆ. ತಿರುಗಿ ಮಾತಿಲ್ಲ."

ನಾನು ಒಪ್ಪಿಕೊಂಡೆ. ಹೊತ್ತಿಗೆ ಸರಿಯಾಗಿ ಎಣ್ಣೆ ಬದಲಿಸಿದರೆ ಮುದಿ ಎಂಜಿನ್ನೂ ಕೈಕೊಡುವುದಿಲ್ಲ ಎಂದು ಕೇಳಿದ್ದೆ. ಆದರೆ ಎಣ್ಣೆ ನಿಜವಾಗಿಯೂ ಬದಲಾಯಿತೆಂದು ನಂಬುವುದು ಹೇಗೆ? ನಾನೋ ಪಾನಿಪುರಿಯವನ ಕೈಯನ್ನೂ ರೆಪ್ಪೆ ಬಡಿಯದೆ ನೋಡುವವಳು.

ಕೆಂಪು ಬೊಟ್ಟು

ಮೊದಲೆಲ್ಲ ಪವಾಯಿಯ ಕಡೆ ಒಂದು ದೊಡ್ಡ ಸರ್ವಿಸ್ ಸೆಂಟರಿಗೆ ಹೋಗುತ್ತಿದ್ದೆ. ಅಲ್ಲಿ ನಮ್ಮನ್ನು ಎ.ಸಿ. ಕೋಣೆಯಲ್ಲಿ ಕೂರಿಸಿ ಕಾಫಿ ಕೊಡುತ್ತಾರೆ, ಕಾರನ್ನು ಶಟರಿನ ಹಿಂದಕ್ಕೆ ಒಯ್ಯುತ್ತಾರೆ. ಬಿಟ್ಟಿ ಕಾಫಿ ಕೊಡುವವರು ಏನನ್ನೋ ಮುಚ್ಚಿಡುತ್ತಿದ್ದಾರೆ ಎಂದೇ ನನ್ನ ತಿಳುವಳಿಕೆ.

ಎಣ್ಣೆಯ ಜೊತೆಗೆ ಆಯಿಲ್ ಫಿಲ್ಟರೂ ಬದಲಾಗಬೇಕು. ಅದು ಎಂಜಿನ್ನಿನ ಹತ್ತಿರ ದುಂಡಗೆ ಇರುತ್ತದೆ ಎಂದು ಮೊಬೈಲಿನಲ್ಲಿ ನೋಡಿಕೊಂಡೆ. ಹಿಂದಿನ ದಿನವೇ ಬಾನೆಟ್ ಎತ್ತಿ, ದುಂಡಗಿದ್ದುದರ ಮೇಲೆ ಕೆಂಪು ನೇಲ್ ಪಾಲಿಶ್‌ನಿಂದ ಒಂದು ಬೊಟ್ಟಿಟ್ಟೆ. ಫಿಲ್ಟರ್ ಬದಲಾದರೆ ಬೊಟ್ಟು ಇರಕೂಡದು.

ಸರ್ವಿಸ್ ಮುಗಿದು ಕಾರು ಹೊರಗೆ ಬಂದಾಗ ಬಾನೆಟ್ ತೆಗೆಸಿದೆ. ಬೊಟ್ಟು ಅಲ್ಲೇ ಹೊಳೆಯುತ್ತಿತ್ತು. ಕಾಫಿ ಕುಡಿಯುತ್ತಿದ್ದವರಿಗೆಲ್ಲ ಕೇಳುವಂತೆ ಸೂಪರ್‌ವೈಸರನನ್ನು ಹಿಂದಿಯಲ್ಲಿ ತರಾಟೆಗೆ ತೆಗೆದುಕೊಂಡೆ. ನನ್ನ ಆರ್ಭಟ ಕೇಳಿ ಇನ್ನಿಬ್ಬರು ಗಿರಾಕಿಗಳು ತಮ್ಮ ಬಾನೆಟ್ಟೂ ತೆಗೆಸಬೇಕೆಂದು ಎದ್ದು ಬಂದರು. ಸೂಪರ್‌ವೈಸರ್ ಬಗ್ಗಿ ಬೊಟ್ಟನ್ನು ನೋಡಿದ, ಬೆರಳಿನಿಂದ ಮುಟ್ಟಿದ, ಆಮೇಲೆ ಬಹಳ ಮರ್ಯಾದೆಯಿಂದ ಹೇಳಿದ: ಮೇಡಂ, ಇದು ಹಾರ್ನ್. ಬದಲಿಸಲೇಬೇಕೆಂದರೆ ಬದಲಿಸುತ್ತೇವೆ, ಆದರೆ ಅದು ಪ್ಯಾಕೇಜಿನಲ್ಲಿ ಬರುವುದಿಲ್ಲ.

ಕಪ್ಪು ಕ್ಯಾನು

ಮತ್ತೆ ಆ ಕಡೆ ತಲೆ ಹಾಕಲಿಲ್ಲ. ಸ್ಟೇಷನ್ನಿನ ಆಚೆ, ಮನೆಯಿಂದ ದೂರದ ಒಂದು ಗಲ್ಲಿಯ ಗಾಡಿ ರಿಪೇರಿ ಮಿಸ್ತ್ರಿಯನ್ನು ಹಿಡಿದೆ. ವಿಜಯಪುರದ ಕಡೆಯವನು, ಕನ್ನಡ ಮಾತಾಡುತ್ತಾನೆ. ಅದಕ್ಕಿಂತ ಮುಖ್ಯವಾಗಿ, ಅವನ ಗ್ಯಾರೇಜಿಗೆ ಗೋಡೆಯೇ ಇಲ್ಲ. ಕೆಲಸವೆಲ್ಲ ರಸ್ತೆಯ ಮೇಲೆ. ಪಕ್ಕದಲ್ಲಿ ಬುಸುಬುಸು ಹೊಗೆಯುಗುಳುವ ಅವನ ಹಳೇ ಟೆಂಪೊ ನಿಂತಿರುತ್ತಿತ್ತು.

ನಾನು ಸ್ಟೂಲ್ ಹಾಕಿಸಿಕೊಂಡು ಎದುರಿಗೇ ಕೂತೆ. ಅವನು ಕಾರಿನಡಿ ತೂರಿದರೆ ಮೊಣಕಾಲು ನೋವು ಮರೆತು ನಾನೂ ಬಗ್ಗಿದೆ. ಹೊಸ ಡಬ್ಬದ ಸೀಲನ್ನು ನಾನೇ ಒಡೆದೆ. ಎಲ್ಲ ಮುಗಿಯಿತು ಅನ್ನುವಾಗ ಇನ್ನೊಂದು ಸಂಶಯ ತಲೆ ಎತ್ತಿತು: ಇಳಿಸಿದ ಈ ಹಳೇ ಎಣ್ಣೆಯನ್ನೇ ಸೋಸಿ ಮುಂದಿನ ಸಲ ನನಗೇ ಹಾಕಿದರೆ? ಅದನ್ನು ಕ್ಯಾನಿನಲ್ಲಿ ತುಂಬಿ ಕೊಡು, ಮನೆಗೆ ಒಯ್ಯುತ್ತೇನೆ ಎಂದೆ. ಅವನು ನನ್ನ ಮುಖ ನೋಡಿದ, ಕ್ಯಾನು ನೋಡಿದ, ತುಂಬಿ ಕೊಟ್ಟ.

ಕ್ಯಾನು ಬಾಲ್ಕನಿಗೆ ಬಂತು. ಇದನ್ನು ಏನು ಮಾಡುವವಳೆಂದು ಗಂಡ ಕೇಳಿದರು; ನನಗೂ ಗೊತ್ತಿರಲಿಲ್ಲ. ಅಷ್ಟರಲ್ಲಿ ವಾಚ್‌ಮನ್ ಬಂದು ಕಿರುಗುಟ್ಟುವ ಗೇಟಿನ ಬಿಜಾಗರಿಗೆ ಸ್ವಲ್ಪ ಕೇಳಿದ. ಮೂರನೇ ಮಹಡಿಯವರು ಬಟ್ಟಲು ಹಿಡಿದು ಬಂದರು. ಸೊಸೈಟಿಯ ಸೆಕ್ರೆಟರಿ ಟೆರೇಸಿನ ಬಾಗಿಲಿಗೆಂದು ಬಂದವರು ತಮ್ಮ ಮನೆಗೂ ಒಯ್ದರು. ಕೆಲವೇ ದಿನಗಳಲ್ಲಿ ಇಡೀ ಬಿಲ್ಡಿಂಗಿನಲ್ಲಿ ಕಿರ್ ಅನ್ನುವ ಬಾಗಿಲೇ ಉಳಿಯಲಿಲ್ಲ. ಕೊನೆಗೆ ಉಳಿದ ಎರಡು ಹನಿಯನ್ನು ನಮ್ಮ ಬಾಗಿಲಿಗೂ ಬಿಟ್ಟೆ. ಗಂಡ ಯಾವಾಗ ಹೋದರು, ಯಾವಾಗ ಬಂದರು ಎಂದು ಇಷ್ಟು ವರ್ಷ ನನಗೆ ಚಾಡಿ ಹೇಳುತ್ತಿದ್ದ ಒಬ್ಬನೇ ನಂಬಿಗಸ್ತನ ಬಾಯಿಯನ್ನು ಹೀಗೆ ನಾನೇ ಕೈಯಾರೆ ಮುಚ್ಚಿದೆ.

ಶೇಂಗಾ ಎಣ್ಣೆ

ಎಂಜಿನ್ನಿನೊಳಗಿನ ಎಣ್ಣೆ ಅಳೆಯಲು ಡಿಪ್‌ಸ್ಟಿಕ್ ಎಂಬ ಉದ್ದನೆಯ ಕಡ್ಡಿ ಇರುತ್ತದೆ. ಪ್ರತಿ ಭಾನುವಾರ ದೇವರ ಪೂಜೆಯಾದ ಮೇಲೆ ಕೆಳಗಿಳಿದು ಅದನ್ನು ಎಳೆದು, ಹಳೇ ಸೀರೆಯ ಚೂರಿನಿಂದ ಒರೆಸಿ ನೋಡುವುದು ನನ್ನ ಪದ್ಧತಿ. ಹಳೇ ಎಂಜಿನ್ನಿನಲ್ಲಿ ಹೊಸ ಎಣ್ಣೆ ಬಲುಬೇಗ ಕಪ್ಪಾಗುತ್ತದೆ, ಸ್ವಲ್ಪ ಇಳಿಯುತ್ತದೆ ಕೂಡ. ಆದರೆ ಕೆಲವು ತಿಂಗಳಿಂದ ನಮ್ಮ ಎಣ್ಣೆ ಕಪ್ಪಾಗಲು ಶುರುವಾಗಿ, ನಡುವೆ ಒಂದು ಭಾನುವಾರ ಇದ್ದಕ್ಕಿದ್ದಂತೆ ಮತ್ತೆ ಜೇನಿನ ಬಣ್ಣಕ್ಕೆ ತಿರುಗುತ್ತಿತ್ತು. ಬೇರೆಯವರಾಗಿದ್ದರೆ ಸಂತೋಷಪಡುತ್ತಿದ್ದರು. ನನ್ನ ನಿದ್ದೆ ಹಾರಿಹೋಯಿತು.

ಮಿಸ್ತ್ರಿಯನ್ನು ಕೇಳಿದೆ. ಅವನು ನನ್ನ ಕಣ್ಣು ತಪ್ಪಿಸಿ, "ನಿಮ್ಮ ಗಾಡಿ ಭಾಳ ಛಲೋ ಐತ್ರಿ ಮೇಡಂ, ಟೆನ್ಷನ್ ತೊಗೋಬ್ಯಾಡ್ರಿ" ಎಂದ. ಕೇಳದೆ ಕಾರನ್ನು ಹೊಗಳುವ ಮಿಸ್ತ್ರಿಯನ್ನು ನಾನು ಮುಂಬೈಯಲ್ಲಿ ಇದುವರೆಗೂ ಕಂಡಿರಲಿಲ್ಲ. ಅದೇ ವಾರ ಒಗೆಯಲು ಹಾಕಿದ ಗಂಡನ ಕರವಸ್ತ್ರದಲ್ಲಿ ಕರಿ ಕಲೆ ಸಿಕ್ಕಿತು. ಬೂಟು ಒರೆಸಿದೆ ಎಂದರು. ನಿವೃತ್ತಿಯಾದ ಮೇಲೆ ಈ ಮನುಷ್ಯ ಚಪ್ಪಲಿ ಬಿಟ್ಟು ಬೇರೇನೂ ಮೆಟ್ಟಿಲ್ಲ.

ನನಗೆ ಎಲ್ಲ ಹೊಳೆದುಹೋಯಿತು. ಕಾರು ನಿಲ್ಲಲಿ, ಗುಜರಿಗೆ ಹೋಗಲಿ ಎಂದು ಇವರು ಎಂಜಿನ್ನಿಗೆ ಏನೋ ಸುರಿಯುತ್ತಿದ್ದಾರೆ. ಜೇನಿನ ಬಣ್ಣದ ಎಣ್ಣೆ ಮನೆಯಲ್ಲಿ ಇನ್ನಾವುದಿದೆ? ಅಡುಗೆಮನೆಗೆ ಓಡಿ ಶೇಂಗಾ ಎಣ್ಣೆಯ ಬಾಟಲಿಗೆ ಮಾರ್ಕರ್ ಪೆನ್ನಿನಿಂದ ಗೆರೆ ಎಳೆದೆ.

ಗಂಡ ಗೆರೆಯನ್ನು ನೋಡಲೇ ಇಲ್ಲ. ನೋಡಿದ್ದು ಕೆಲಸದಾಕೆ. ಗೆರೆ ತನಗೇ ಎಂದು ತಿಳಿದು, ಪಾತ್ರೆಗಳನ್ನು ಕುಕ್ಕಿ ಕುಕ್ಕಿ ತೊಳೆದು ಹೋದಳು. ಮರುದಿನ ಅದೇ ಪೆನ್ನು ತೆಗೆದು ತನ್ನ ಚಹಾದ ಲೋಟಕ್ಕೆ ಕಂಠಮಟ್ಟ ಒಂದು ಗೆರೆ ಎಳೆದು ನನ್ನ ಮುಂದಿಟ್ಟಳು. ಇನ್ನು ಮೇಲೆ ಇಲ್ಲಿಯತನಕ ಹಾಕಬೇಕಂತೆ.

ಎದುರಿಗೆ ಸಿಕ್ಕಿದ್ದು

ಒಂದು ಶನಿವಾರ ಮಧ್ಯಾಹ್ನ ಮಲಗೆದ್ದು ನೋಡಿದರೆ ಗಂಡ ಇಲ್ಲ. ಬಾಗಿಲು ಸದ್ದೇ ಮಾಡಿರಲಿಲ್ಲ. ಕಿಟಕಿಯಿಂದ ಬಗ್ಗಿದೆ; ಕಾರೂ ಇಲ್ಲ. ಗುಜರಿಯವನ ಹತ್ತಿರವೇ ಹೋಗಿದ್ದಾರೆ ಎಂದುಕೊಂಡು, ಮಿಸ್ತ್ರಿಗೆ ವಿಷಯ ಗೊತ್ತಿರಬಹುದೆಂದು ಆಟೊ ಹಿಡಿದು ಅವನ ಗಲ್ಲಿಗೆ ಹೋದೆ.

ಕಾರು ಅಲ್ಲೇ ಇತ್ತು. ಬಾನೆಟ್ ತೆರೆದಿತ್ತು. ನಾನು ಕೂರುವ ಸ್ಟೂಲಿನ ಮೇಲೆ, ನಾನು ಕೂರುವ ಹಾಗೆಯೇ ಕುತ್ತಿಗೆ ಮುಂದೆ ಚಾಚಿ, ಮಿಸ್ತ್ರಿಯ ಕೈಯ ಮೇಲೆ ಕಣ್ಣು ನೆಟ್ಟು ನನ್ನ ಗಂಡ ಕೂತಿದ್ದರು. ಕೈಯಲ್ಲಿ ಹೊಸ ಎಣ್ಣೆಯ ಡಬ್ಬ. ಏನು ನಡೆಸಿದ್ದೀರಿ ಎಂದು ಹಿಂದಿನಿಂದ ಕೇಳಿದೆ. ಡಬ್ಬ ಕೈಜಾರಿತು.

ಕೊನೆಗೂ ಬಾಯಿಬಿಟ್ಟರು. ನಾನು ಎಣ್ಣೆ ಬದಲಿಸಿಕೊಂಡು ಬಂದ ಪ್ರತಿಸಲವೂ ಸ್ವಲ್ಪ ದಿನ ಬಿಟ್ಟು ಇವರು ಕದ್ದು ಬಂದು ಮತ್ತೆ ಬದಲಿಸುತ್ತಿದ್ದರು. "ಇಂವಾ ನಿನಗ ಹಾಕಿದ್ದು ಖರೆ ಎಣ್ಣೀನ ಅಂತ ಹ್ಯಾಂಗ ನಂಬೂದು?" ಎಂದರು. ಆಮೇಲೆ ದನಿ ತಗ್ಗಿಸಿ, "ಪವಾಯಿ ರಸ್ತೇದಾಗ ನೀ ಒಬ್ಬಾಕಿ ನಿಂತು ಬಿಟ್ರ? ಆ ಕಾಲು ತೊಗೊಂಡು ಎಲ್ಲಿಗೆ ಹೋಗ್ತಿ? ಷರತ್ತ ಹಾಕಿದ್ದೂ ಅದಕ್ಕ" ಎಂದರು.

ಇಷ್ಟು ದಿನ ನನ್ನ ವೈರಿ ಎಂದು ಕಾದದ್ದು ಇವರನ್ನು. ಮಿಸ್ತ್ರಿಯನ್ನು, ನನಗೊಂದು ಮಾತು ಹೇಳಬಾರದಿತ್ತೇ ಎಂದು ಕೇಳಿದೆ. "ಸಾಹೇಬ್ರು ಹೇಳಬ್ಯಾಡ ಅಂದಿದ್ರು ಮೇಡಂ. ನನಗೂ ಡೌಟ್ ಇತ್ತು. ಗಂಡ ಹೆಂಡ್ತಿ ಮಾತು ಬಿಟ್ಟಾರ, ಗಾಡಿ ಮ್ಯಾಲ ಜಗಳಾ ತೀರಸ್ಕೊಳ್ಳಾಕತ್ತಾರ ಅಂತ ಸುಮ್ಮನಾದ್ನಿ" ಎಂದ.

ಅಷ್ಟರಲ್ಲಿ ನಮ್ಮಿಬ್ಬರಿಗೂ ಒಂದೇ ಗಳಿಗೆಯಲ್ಲಿ ಒಂದೇ ಸಂಶಯ ಬಂತು. ಇವರು ಬದಲಿಸಿದಾಗಲೆಲ್ಲ ಇಳಿದದ್ದು ನಾನು ಹಾಕಿಸಿದ ಹೆಚ್ಚುಕಡಿಮೆ ಹೊಸ ಎಣ್ಣೆ. ಅದೆಲ್ಲ ಎಲ್ಲಿ? ಮಿಸ್ತ್ರಿ ತಲೆ ಕೆರೆದುಕೊಳ್ಳುತ್ತ ತನ್ನ ಟೆಂಪೊದ ಕಡೆ ನೋಡಿದ. ಚೆಲ್ಲಿದರ ಪಾಪ ಬರತೈತ್ರಿ, ಎಂದ.

ಜಗಳವಾಡುವ ಮನಸ್ಸು ಇಬ್ಬರಿಗೂ ಇರಲಿಲ್ಲ. ಮಿಸ್ತ್ರಿ ಹೊಸ ಎಣ್ಣೆ ಸುರಿದು ಬಾನೆಟ್ ಮುಚ್ಚಿದ ಮೇಲೆ ಗಂಡ ತಾವಾಗಿಯೇ, ನಡಿ, ನಿನ್ನ ತಂಗಿ ಮನೆಗೆ ಹೋಗಿ ಬರೋಣ ಎಂದರು. ನಾನು ಸ್ಟೀರಿಂಗ್ ಹಿಡಿದೆ. ಅಂಥ ಖುಷಿಯಲ್ಲಿ ಆ ಕಾರನ್ನು ಎಂದೂ ಓಡಿಸಿರಲಿಲ್ಲ. ಫ್ಲೈಓವರ್ ಅರ್ಧ ಹತ್ತಿದ್ದೆವು. ಕಾರು ಎರಡು ಸಲ ಕೆಮ್ಮಿ ನಿಂತುಬಿಟ್ಟಿತು.

ಎಣ್ಣೆ ಅಪ್ಪಟವಾಗಿತ್ತು. ಇಲ್ಲದ್ದು ಪೆಟ್ರೋಲ್. ನನ್ನ ತಲೆಯ ಲೆಕ್ಕದಲ್ಲಿ ನಾನು ಓಡಿಸಿದ್ದಿತ್ತೇ ಹೊರತು ಇವರು ಕದ್ದು ಓಡಿಸಿದ್ದು ಇರಲಿಲ್ಲ. ಹಿಂದೆ ಬಸ್ಸು, ಟ್ರಕ್ಕುಗಳೆಲ್ಲ ಹಾರ್ನ್ ಬಾರಿಸತೊಡಗಿದವು. ಷರತ್ತು ನೆನಪಾಗಿ ನಾನು ಗಂಡನ ಮುಖ ನೋಡಲಿಲ್ಲ. ಅವರು ಮಿಸ್ತ್ರಿಗೆ ಫೋನ್ ಮಾಡಿದರು.

ಅವನು ಟೆಂಪೊ ತಂದು, ನಮ್ಮ ಕಾರಿಗೆ ಹಗ್ಗ ಕಟ್ಟಿ ಏರಿನಲ್ಲಿ ಎಳೆಯತೊಡಗಿದ. ಗಂಡ ಮುಂದಕ್ಕೆ ಬಗ್ಗಿ ಅದರ ಹೊಗೆಕೊಳವೆಯನ್ನೇ ದಿಟ್ಟಿಸುತ್ತಿದ್ದರು. ಆಮೇಲೆ ನನ್ನ ಕಡೆ ತಿರುಗಿದರು.

"ನೋಡಿದ್ಯಾ, ಏರಿನ್ಯಾಗೂ ಹೊಗಿ ಇಲ್ಲ. ಹಿಂಗ ಎಣ್ಣಿ ಬದಲಿಸ್ಕೋತ ಇದ್ರ ನಮ್ಮ ಗಾಡಿ ಇನ್ನೂ ಹತ್ತ ವರ್ಷ ಓಡ್ತದ. ಮುಂದಿನ ಸಲ ಕೂಡೇ ಹೋಗೂಣು. ಆ ಕಳ್ಳಗ ಎರಡ ಸ್ಟೂಲ ಹಾಕ ಅಂತ ಹೇಳು."