ಹಯಾಶಿ ಸಾನ್‌ಗೆ ಹೂಂಗುಟ್ಟಿದ ಕಥೆ

ಹೊಸ ಭಾಷೆ ಕಲಿತವರಿಗಿರುವ ಜಂಬ ಹೊಸ ಸೀರೆ ಉಟ್ಟವರಿಗೂ ಇರುವುದಿಲ್ಲ. ಸೀರೆಯನ್ನಾದರೆ ಜನ ತಾವಾಗಿಯೇ ನೋಡಿ "ಎಲ್ಲಿ ತಗೊಂಡ್ರಿ?" ಎನ್ನುತ್ತಾರೆ, ಭಾಷೆಯನ್ನು ನಾವೇ ಕರೆದು ಕರೆದು ತೋರಿಸಬೇಕು. ಮುಂಬೈಯ ದಾದರಿನ ಕ್ಲಾಸಿನಲ್ಲಿ ವರ್ಷಗಟ್ಟಲೆ ಭಾನುವಾರದ ನಿದ್ದೆ ಕೆಡಿಸಿಕೊಂಡು ಜಪಾನಿ ಕಲಿತು, ಪರೀಕ್ಷೆಯನ್ನೂ ಪಾಸು ಮಾಡಿದ ಮೇಲೆ, ತೋರಿಸಲು ನನಗೆ ಒಬ್ಬ ಜಪಾನಿಯೂ ಸಿಗಲಿಲ್ಲ. ವಡಾಲದಿಂದ ಗೋರೆಗಾಂವ್‌ಗೆ ಲೋಕಲ್‌ನಲ್ಲಿ ನೇತಾಡಿಕೊಂಡು ಆಫೀಸಿಗೆ ಹೋಗುವಾಗ ಮನಸ್ಸಿನಲ್ಲೇ ವಾಕ್ಯ ಕಟ್ಟುತ್ತಿದ್ದೆ. ಒಮ್ಮೆ ಪಕ್ಕದವಳ ಕೊಡೆ ನನ್ನ ಕಾಲಿಗೆ ಚುಚ್ಚಿದಾಗ, ಬೈಯುವ ಬದಲು ಜಪಾನಿಯಲ್ಲಿ ಕ್ಷಮೆ ಕೇಳಿಬಿಟ್ಟೆ. ಲೇಡೀಸ್ ಡಬ್ಬಿಯಲ್ಲಿ ವಿನಯ ತೋರಿಸಿದವಳಿಗೆ ನಿಲ್ಲಲೂ ಜಾಗ ಸಿಗುವುದಿಲ್ಲ ಎಂದು ಆವತ್ತು ಗೊತ್ತಾಯಿತು.

ಕೊನೆಗೂ ದೇವರು ಕಣ್ಣುಬಿಟ್ಟ. ಯಂತ್ರದ ಬಿಡಿಭಾಗ ಮಾಡುವ ನಮ್ಮ ಕಂಪನಿಗೆ ಜಪಾನಿನಿಂದ ಹಯಾಶಿ ಸಾನ್ ಎಂಬ ಇಂಜಿನಿಯರು ಬಂದರು. ಬರುವ ವರ್ಷದ ಕೆಲಸವನ್ನು ನಮಗೆ ಕೊಡಬೇಕೋ ಬೇಡವೋ ಎಂದು ನೋಡುವುದಕ್ಕೇ ಬಂದವರು. ನಮ್ಮ ಮ್ಯಾನೇಜರ್ ಶೆಟ್ಟರು ಕುಂದಾಪುರದ ಕಡೆಯವರು, ನೆಲಮಾಳಿಗೆಯ ಸ್ಟೋರ್ಸಿನಲ್ಲಿದ್ದ ನನ್ನನ್ನು ಮೇಲೆ ಕರೆಸಿ, "ಮೇಡಂ, ಅವರತ್ರ ಮಾತಾಡುವ ಕೆಲಸ ಇನ್ನು ನಿಮ್ಮದೇ" ಎಂದರು. ಕಿಟಕಿ ಪಕ್ಕದ ಮೇಜು ಕೊಟ್ಟರು. ಇಪ್ಪತ್ತು ವರ್ಷ ಟ್ಯೂಬ್‌ಲೈಟಿನ ಕೆಳಗೆ ನಟ್ಟು ಬೋಲ್ಟು ಎಣಿಸಿದವಳು ನಾನು; ಕಿಟಕಿಯಾಚೆಯ ಮರ ನೋಡಿ ಕಣ್ಣಲ್ಲಿ ನೀರೇ ಬಂತು.

ನಮ್ಮಪ್ಪ ಮೈಸೂರಿನಲ್ಲಿ ಹೆಡ್‌ಮಾಸ್ಟರು. ದೊಡ್ಡವರು ಮಾತಾಡುವಾಗ ಕೆಮ್ಮು ಬಂದರೂ ನುಂಗಿಕೊಳ್ಳಬೇಕು ಎಂಬುದು ಮನೆಯ ಕಾನೂನು. ಅಂಥ ಶಿಸ್ತಿನಲ್ಲಿ ಬೆಳೆದವಳು, ಅಷ್ಟು ದೂರದಿಂದ ಬಂದ ದೊಡ್ಡ ಮನುಷ್ಯರ ಮುಂದೆ ಹೇಗೆ ಕೂರಬೇಡ? ಬೆನ್ನು ನೆಟ್ಟಗೆ, ಕೈ ಮಡಿಲಲ್ಲಿ, ತುಟಿ ಹೊಲಿದ ಹಾಗೆ. ಹಯಾಶಿ ಸಾನ್ ಅರ್ಧ ವಾಕ್ಯ ಹೇಳಿ ನಿಲ್ಲಿಸುತ್ತಿದ್ದರು. ನನ್ನ ಮುಖ ನೋಡುತ್ತಿದ್ದರು. ನಾನು ಇನ್ನಷ್ಟು ಭಕ್ತಿಯಿಂದ ಸುಮ್ಮನಿರುತ್ತಿದ್ದೆ. ಅವರು ಇನ್ನರ್ಧ ಹೇಳಿ, ಮತ್ತೆ ನಿಲ್ಲಿಸಿ, "ದೈಜೋಬು ದೆಸ್ ಕಾ?" ಎನ್ನುತ್ತಿದ್ದರು. ಹುಷಾರಾಗಿದ್ದೀರಾ ಎಂದರ್ಥ. ಎಷ್ಟು ಒಳ್ಳೆಯ ಮನುಷ್ಯ, ನಿಮಿಷಕ್ಕೊಮ್ಮೆ ಆರೋಗ್ಯ ವಿಚಾರಿಸುತ್ತಾರೆ ಎಂದು ನನಗೆ ಖುಷಿ! ಅವರು ಮುಗಿಸಿದ ಮೇಲೆ ನಾನು ವ್ಯಾಕರಣದಲ್ಲಿ ಒಂದು ಕೂದಲೂ ಕೊಂಕದಂತೆ ಉತ್ತರ ಕೊಡುತ್ತಿದ್ದೆ. ಆದರೂ ದಿನದಿನಕ್ಕೆ ಅವರ ಮಾತು ಕಡಿಮೆಯಾಗುತ್ತ ಬಂತು. ಬುಧವಾರದ ಹೊತ್ತಿಗೆ ಬಿಳಿ ಹಲಗೆಯ ಮೇಲೆ ಚಿತ್ರ ಬರೆದು ಬೆರಳು ತೋರಿಸತೊಡಗಿದರು.

ಗುರುವಾರ ಶೆಟ್ಟರು ನನ್ನನ್ನು ಕರೆದು, "ಎಂತ ಮೇಡಂ ಇದು, ಆ ಮನುಷ್ಯ ನಿಮ್ಮತ್ರ ಮಾತೇ ಆಡುದಿಲ್ಲ ಅಲ್ವಾ?" ಎಂದರು.

"ಅವರ ಸ್ವಭಾವವೇ ಹಾಗೇನೋ ಸರ್. ತುಂಬ ಮಿತಭಾಷಿ."

"ಮಿತಭಾಷಿಯಾ? ಲಿಫ್ಟಿನವನತ್ರ ಕೈಸನ್ನೆಯಲ್ಲಿ ಅರ್ಧ ಗಂಟೆ ಹರಟೆ ಹೊಡೀತಾರೆ ಮಾರಾಯ್ರೇ! ನಾಳೆ ಈ ವಾರದ ಕೊನೆಯ ಮೀಟಿಂಗ್ ನೀವು ಮಾಡಿ. ಸರಿಹೋಗದಿದ್ರೆ ಸೋಮವಾರ ಏಜೆನ್ಸಿಯಿಂದ ಇಂಟರ್‌ಪ್ರಿಟರ್ ತರಿಸುವ. ನೀವು ಬೇಜಾರು ಮಾಡ್ಬೇಡಿ, ಸ್ಟೋರ್ಸಲ್ಲಿ ನಿಮ್ಮ ಕುರ್ಚಿ ಹಾಗೇ ಉಂಟು."

ಆ ಕುರ್ಚಿಯನ್ನು ನೆನೆಸಿಕೊಳ್ಳುತ್ತಲೇ ಸಂಜೆ ಮನೆಗೆ ಬಂದು ಚಪಾತಿ ಲಟ್ಟಿಸುತ್ತ ನಿಂತೆ. ನಮ್ಮತ್ತೆ ಧಾರವಾಡದವರು. ಅಡುಗೆಮನೆಯ ಬಾಗಿಲಲ್ಲಿ ಸ್ಟೂಲು ಹಾಕಿಕೊಂಡು ಕೂತು, ಯಾವುದೋ ಮದುವೆಯಲ್ಲಿ ಬೀಗರು ಮುನಿಸಿಕೊಂಡು ಊಟ ಬಿಟ್ಟೆದ್ದ ಕಥೆ ಶುರುಮಾಡಿದರು. ನನ್ನ ತಲೆಯಲ್ಲಿ ಬರೀ ಸ್ಟೋರ್ಸು. ಅತ್ತೆ ಅರ್ಧಕ್ಕೇ ನಿಲ್ಲಿಸಿದರು. ನನ್ನ ಮುಖ ನೋಡಿದರು. ಇನ್ನೊಂದಿಷ್ಟು ಹೇಳಿ ಮತ್ತೆ ನಿಲ್ಲಿಸಿ, "ಆರಾಮ ಅದೀ ಇಲ್ಲೋ?" ಎಂದರು.

ಲಟ್ಟಣಿಗೆ ಕೈಯಲ್ಲೇ ನಿಂತಿತು. ಅದೇ ನೋಟ, ಅದೇ ಪ್ರಶ್ನೆ! ಅತ್ತೆಯ ಮೈಯಲ್ಲಿ ಹಯಾಶಿ ಸಾನ್ ಬಂದು ಕೂತಂತಿತ್ತು.

"ಆರಾಮ ಇದೀನಿ ಅತ್ತೆ. ಯಾಕೆ?"

"ಮತ್ತ ನಾ ಏನ ಗ್ವಾಡಿಗೆ ಹೇಳಾಕತ್ತೇನೇನು? ಒಂದ ಹೂಂ ಇಲ್ಲ, ಹಾಂ ಇಲ್ಲ. ಕೇಳೋರು ಹೂಂ ಅನ್ನಲಿಲ್ಲಂದ್ರ ಹೇಳೋರಿಗೆ ಮಾತು ಹೆಂಗ ಬರಬೇಕವಾ?"

ಅಯ್ಯೋ ನನ್ನ ಬುದ್ಧಿಯೇ! ಅತ್ತೆ ತಂಗಿಯ ಜೊತೆ ಫೋನಿನಲ್ಲಿ ಮಾತಾಡುವುದನ್ನು ಎಷ್ಟು ಸಲ ಕೇಳಿಲ್ಲ: "ಹೂಂ… ಹೌದನ?… ಅಯ್ಯ ಶಿವನ!… ಮುಂದ?" ಕ್ಲಾಸಿನ ಸರ್ ಕೂಡ ಒಂದು ಭಾನುವಾರ, ಜಪಾನಿಯರ ಜೊತೆ ಮಾತಾಡುವಾಗ ನಡುನಡುವೆ "ಹಾಯ್", "ಸೋ ದೆಸ್ ಕಾ", "ನರುಹೊದೊ" ಎನ್ನುತ್ತಿರಬೇಕು ಎಂದಿದ್ದರು. ಹೌದು, ಹಾಗಾ, ಓಹೋ ಅರ್ಥವಾಯಿತು ಎಂಬ ಹಾಗೆ. ಅದು ಪರೀಕ್ಷೆಗೆ ಬರುವುದಿಲ್ಲವೆಂದು ನಾನು ಕಿವಿಗೇ ಹಾಕಿಕೊಂಡಿರಲಿಲ್ಲ. ಚಪಾತಿ ಪಕ್ಕಕ್ಕಿಟ್ಟು ಅತ್ತೆಯ ಮುಂದೆ ಕೂತೆ. "ಹೇಳಿ ಅತ್ತೆ, ಬೀಗರು ಎದ್ದುಹೋದ ಮೇಲೆ?" ಎಂದೆ. ಮಾತುಮಾತಿಗೂ ಹೂಂಗುಟ್ಟುತ್ತ ಹೋದೆ; ರಾಗ ತಪ್ಪಿದಲ್ಲೆಲ್ಲ ಅತ್ತೆಯೇ ತಿದ್ದಿದರು. ಚಪಾತಿ ಒಣಗಿ ಹಪ್ಪಳವಾಯಿತು.

ಶುಕ್ರವಾರ ಮೀಟಿಂಗ್ ರೂಮಿನಲ್ಲಿ ಶೆಟ್ಟರ ಎದುರೇ ಹಯಾಶಿ ಸಾನ್ ಮಾರ್ಕರ್ ಕೈಗೆತ್ತಿಕೊಂಡು, ಎಂದಿನ ಸಂಪ್ರದಾಯದಂತೆ ಅರ್ಧ ವಾಕ್ಯ ಹೇಳಿದರು. ನಾನು ತಲೆಯಾಡಿಸಿ "ಹಾಯ್" ಎಂದೆ. ಅವರು ಬೆಚ್ಚಿಬಿದ್ದರು. ಮುಂದಿನ ತುಂಡಿಗೆ "ಸೋ ದೆಸ್ ಕಾ" ಎಂದೆ. ಮಾರ್ಕರ್ ಮೇಜಿನ ಮೇಲಿಟ್ಟರು. ಅದರ ಮುಂದಿನದಕ್ಕೆ, ಅತ್ತೆಯ "ಅಯ್ಯ ಶಿವನ" ಇದೆಯಲ್ಲ, ಅದೇ ರಾಗದಲ್ಲಿ ಜಪಾನಿಯರ ಬೆರಗಿನ "ಹೇಏಏ!" ಎಳೆದೆ. ಅವರು ಕುರ್ಚಿ ಎಳೆದುಕೊಂಡು ಹತ್ತಿರ ಕೂತೇಬಿಟ್ಟರು! ಕಟ್ಟೆ ಒಡೆದ ಹಾಗೆ ಮಾತು. ಡ್ರಾಯಿಂಗಿನಲ್ಲಿ ಏನು ಬದಲಾಗಿದೆ, ಯಾವ ಭಾಗ ಸವೆಯುತ್ತಿದೆ, ವಡಾಪಾವ್ ತಿಂದು ಅವರ ಹೊಟ್ಟೆ ಏನಾಯಿತು, ಎಲ್ಲ ಹೊರಬಂತು. ಕೊನೆಗೆ ದನಿ ತಗ್ಗಿಸಿ, "ಇಲ್ಲಿ ನನ್ನ ಮಾತು ಯಾರೂ ಕೇಳುತ್ತಿಲ್ಲ ಎಂದುಕೊಂಡಿದ್ದೆ. ಕೆಲಸ ಬೇರೆ ಕಡೆ ಕೊಡಿ ಎಂದು ಬರೆಯುವವನಿದ್ದೆ. ಇನ್ನು ಬರೆಯುವುದಿಲ್ಲ" ಎಂದರು. ಆಮೇಲೆ ಶೆಟ್ಟರ ಕಡೆ ತಿರುಗಿ ತಮಗೆ ಬರುವ ಹರಕುಮುರುಕು ಇಂಗ್ಲಿಷಿನಲ್ಲಿ, ಈ ಮೇಡಂ ಅವರ ಜಪಾನಿ ಬಹಳ ಸಹಜವಾಗಿದೆ ಎಂದರು. ನಾನು ಆಡಿದ್ದು ಒಟ್ಟು ಮೂರು ಮಾತು! ಗೆದ್ದೆ ಕಣ್ರೀ, ಗೆದ್ದೇಬಿಟ್ಟೆ. ಆವತ್ತು ಲೋಕಲ್‌ನಲ್ಲಿ ಕೂರಲು ಜಾಗ ಸಿಗದಿದ್ದರೂ ಸಿಂಹಾಸನದ ಮೇಲೆ ಬಂದಂತೆ ಬಂದೆ.

ಕಿಟಕಿ ಮೇಜು ನನಗೇ ಖಾಯಂ ಆಯಿತು. ಅದರ ಜೊತೆಗೆ, ಆಫೀಸಿನವರಿಗೆಲ್ಲ ನಾನು ಜಪಾನಿ ಸಂಭಾಷಣೆ ಕಲಿಸಬೇಕೆಂದು ಶೆಟ್ಟರ ಹುಕುಂ. ಮೊದಲ ಕ್ಲಾಸಿಗೆ ಹಯಾಶಿ ಸಾನ್ ಕೂಡ ಬಂದು ನನ್ನ ಪಕ್ಕ ಕೂತರು. ನಾನು ಪಾಠ ಮಾಡಿದ ಹಾಗೆಲ್ಲ ಇಡೀ ರೂಮು ಹಾಯ್ ಹಾಯ್ ಎಂದು ಗುಂಯ್‌ಗುಟ್ಟಿತು. ಎಲ್ಲರಿಗಿಂತ ಚೆನ್ನಾಗಿ ತಲೆದೂಗುತ್ತಿದ್ದವರು ಶೆಟ್ಟರು. ಅನುಮಾನ ಬಂದು, "ಸರ್, ನಾನೀಗ ಹೇಳಿದ್ದು ಏನು?" ಎಂದೆ.

"ನರುಹೊದೊ" ಎಂದರು ಶೆಟ್ಟರು.

ನನಗೆ ರೇಗಿಹೋಯಿತು. "ಅರ್ಥವಾಗದೆ ಹೂಂ ಅನ್ನೋದು ಎದುರಿನವರಿಗೆ ಮಾಡೋ ಮೋಸ ಸರ್" ಎಂದು ಹೆಡ್‌ಮಾಸ್ಟರ್ ಮಗಳ ದನಿಯಲ್ಲೇ ಹೇಳಿದೆ. ಆಗ ಹಯಾಶಿ ಸಾನ್ ನನ್ನತ್ತ ಬಗ್ಗಿ, ತಮ್ಮೂರಿನ ಆಡುಮಾತಿನಲ್ಲಿ ಸರಸರನೆ ಏನೋ ಉದ್ದಕ್ಕೆ ಹೇಳಿ, ಹೊಟ್ಟೆ ಹಿಡಿದುಕೊಂಡು ನಕ್ಕರು. ಒಂದಕ್ಷರ ನನ್ನ ತಲೆಗೆ ಹತ್ತಲಿಲ್ಲ. ಎಲ್ಲರ ಕಣ್ಣೂ ನನ್ನ ಮೇಲೆ.

ನಾನೂ ಚೆನ್ನಾಗಿ ನಕ್ಕು, ನಿಧಾನವಾಗಿ ತಲೆದೂಗಿ, "ನರುಹೊದೊ" ಎಂದೆ.